ಮಗುವಿಗೂ ಭಿನ್ನಾಭಿಪ್ರಾಯದ ಹಕ್ಕಿದೆ

ಪರ್ತ್‌ನಲ್ಲಿ ಕೊಡುತ್ತಿರುವ ಈ ದತ್ತಿ ಉಪನ್ಯಾಸಕ್ಕೆ ಮಕ್ಕಳ ರಾಜಕೀಯ ಪುಸ್ತಕಗಳನ್ನು ವಿಷಯವಾಗಿ ಆರಿಸಿಕೊಳ್ಳಲು ಈ ಊರೇ ಒಂದು ಕಾರಣ. 1974ರಲ್ಲಿ ಫ್ರೀಮ್ಯಾಂಟಲ್‌ನಲ್ಲಿ ಹುಟ್ಟಿ ಪರ್ತ್‌ನ ಉತ್ತರದ ಬಡಾವಣೆಗಳಲ್ಲಿ ಬೆಳೆದ ಶಾನ್ ಟಾನ್ ಅವರು ಜಾನ್ ಮಾರ್ಸ್‌ಡನ್ ಬರೆದ ‘ದ ರ್‍ಯಾಬಿಟ್ಸ್’ ಎಂಬ ಕಥೆಗೆ ಚಿತ್ರ ಬರೆದರು. 1998ರಲ್ಲಿ ಹೊರಬಂದ ಆ ಪುಸ್ತಕದಲ್ಲಿ ಮೊಲಗಳು ಹಡಗಿನಲ್ಲಿ ಬಂದಿಳಿಯುತ್ತವೆ, ನೆಲವನ್ನು ಆಕ್ರಮಿಸುತ್ತವೆ, ಹುಲ್ಲನ್ನೂ ಮರವನ್ನೂ ಮುಗಿಸುತ್ತವೆ, ಕೊನೆಗೆ ಅಲ್ಲಿನ ಮೂಲಜೀವಿಗಳ ಮಕ್ಕಳನ್ನೂ ಹೊತ್ತೊಯ್ಯುತ್ತವೆ. ಮೊಲಗಳು ಯಾರು, ಮೂಲಜೀವಿಗಳು ಯಾರು ಎಂದು ಪುಸ್ತಕ ಎಲ್ಲಿಯೂ ಹೇಳುವುದಿಲ್ಲ. ಆದರೆ ಪಶ್ಚಿಮ ಆಸ್ಟ್ರೇಲಿಯಾದ ಮಗುವಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ವಿಕ್ಟೋರಿಯಾದಲ್ಲಿ ಬಿಟ್ಟ ಮೊಲಗಳ ಸಂತತಿಯನ್ನು ತಡೆಯಲು ಈ ರಾಜ್ಯ 1901ರಿಂದ 1907ರವರೆಗೆ 1,800 ಕಿಲೋಮೀಟರಿಗೂ ಉದ್ದದ ಬೇಲಿ ಹಾಕಿಸಿತು. ಸರ್ಕಾರ ತಾಯಂದಿರಿಂದ ಕಿತ್ತು ಮೂರ್ ರಿವರ್ ಶಿಬಿರಕ್ಕೆ ಸಾಗಿಸಿದ್ದ ಮೂವರು ಮೂಲನಿವಾಸಿ ಹುಡುಗಿಯರು 1931ರಲ್ಲಿ ತಪ್ಪಿಸಿಕೊಂಡು ಅದೇ ಬೇಲಿಯ ಗುಂಟ ಮನೆಯ ದಾರಿ ಹಿಡಿದರು. ಪುಸ್ತಕಕ್ಕೆ 1999ರಲ್ಲಿ ಆಸ್ಟ್ರೇಲಿಯಾದ ಮಕ್ಕಳ ಪುಸ್ತಕ ಮಂಡಳಿಯ ಪ್ರಶಸ್ತಿ ಬಂತು. ಅದರ ಜೊತೆಗೆ, ಇದು ಮಕ್ಕಳ ಪುಸ್ತಕವೋ ರಾಜಕೀಯ ಕರಪತ್ರವೋ ಎಂಬ ವಾದವೂ ಎದ್ದಿತು.

ಆ ವಾದದಲ್ಲಿ ಎರಡೂ ಕಡೆಯವರು ಒಂದು ನಂಬಿಕೆಯನ್ನು ಹಂಚಿಕೊಂಡಿದ್ದರು: ಪುಸ್ತಕ ಏನು ಹೇಳುತ್ತದೋ ಅದನ್ನೇ ಮಗು ನಂಬುತ್ತದೆ ಎಂಬ ನಂಬಿಕೆ. ನನ್ನ ವಾದ ಹೊರಡುವುದು ಇಲ್ಲಿಂದಲೇ. ಪುಸ್ತಕದಲ್ಲಿರುವ ರಾಜಕೀಯ ನಮಗೆ ಒಪ್ಪಿಗೆಯೋ ಅಲ್ಲವೋ ಎಂಬುದರಿಂದ ಅದು ಮಗುವಿಗೆ ಆಲೋಚನೆ ಕಲಿಸುತ್ತದೆಯೇ ಎಂಬುದು ತೀರ್ಮಾನವಾಗದು. ಓದಿ ಮುಗಿಸಿದ ಮಗು, ಆ ಪುಸ್ತಕವೇ ಕೊಟ್ಟ ಸಾಮಗ್ರಿಯನ್ನು ಹಿಡಿದು, ಬರೆದವರ ಮಾತನ್ನು ಒಪ್ಪದಿರಲು ಸಾಧ್ಯವೇ? ಪಕ್ಕದಲ್ಲಿ ಕೂತ ಹಿರಿಯರು ಅದನ್ನು ಸಹಿಸುತ್ತಾರೆಯೇ? ನಾವು ಕೇಳಬೇಕಾದದ್ದು ಈ ಎರಡು ಪ್ರಶ್ನೆಗಳನ್ನು. ‘ದ ರ್‍ಯಾಬಿಟ್ಸ್’ ಈ ಪರೀಕ್ಷೆಯಲ್ಲಿ ಬಹುಪಾಲು ಗೆಲ್ಲುತ್ತದೆ. ಅದರ ಮೂಲಜೀವಿಗಳಲ್ಲಿ ಒಬ್ಬರಿಗೂ ಹೆಸರಿಲ್ಲ, ಅವರ ಪ್ರತಿರೋಧ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಆದರೆ ಪರ್ತ್ ನಗರದ ನಡುವೆಯೇ ಯೇಗನ್ ಚೌಕವಿದೆ. ವಸಾಹತುಗಾರರನ್ನು ಎದುರಿಸಿ 1833ರಲ್ಲಿ ಹತನಾದ, ಇಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಜನರ ನಾಯಕನ ಹೆಸರದು. ಇಂಗ್ಲೆಂಡಿಗೆ ಒಯ್ದಿದ್ದ ಅವನ ತಲೆ ತಾಯ್ನೆಲಕ್ಕೆ ಮರಳಿದ್ದು 1997ರಲ್ಲಿ. ಆ ಚೌಕವನ್ನು ಕಂಡ ಮಗು ಪುಸ್ತಕಕ್ಕೆ ತಿರುಗಿ ‘ನಿಮ್ಮ ಕಥೆಯಲ್ಲಿ ಯೇಗನ್ ಎಲ್ಲಿ?’ ಎಂದು ಕೇಳಬಲ್ಲುದು. ಪುಸ್ತಕ ಕೊನೆಯಾಗುವುದೂ ಪ್ರಶ್ನೆಯಲ್ಲೇ ಆದ್ದರಿಂದ ಮಗುವಿನ ಪ್ರಶ್ನೆಗೆ ಅಲ್ಲಿ ಜಾಗವಿದೆ.

ಮಕ್ಕಳಿಗೆ ರಾಜಕೀಯ ಬೇಡ, ಒಳ್ಳೆಯ ಕಥೆ ಸಾಕು ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಅವರು ತಮ್ಮ ಬಾಲ್ಯದ ಪುಸ್ತಕಗಳನ್ನೊಮ್ಮೆ ನೆನಪಿಸಿಕೊಳ್ಳಬೇಕು. ಕುವೆಂಪು ಬ್ರೌನಿಂಗ್‌ನ ಕವಿತೆಯನ್ನು ಕನ್ನಡದ ಹಳ್ಳಿಗೆ ತಂದು ಕಟ್ಟಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಈಗ ಸುಮಾರು ನೂರು ವರ್ಷ. ಅಧಿಕಾರದಲ್ಲಿರುವ ಗೌಡ ಸಂಕಟದಲ್ಲಿ ಜೋಗಿಗೆ ಮಾತು ಕೊಟ್ಟು, ಸಂಕಟ ಕಳೆದ ಮೇಲೆ ಮಾತು ತಪ್ಪುತ್ತಾನೆ. ಅದರ ಬೆಲೆಯನ್ನು ತೆರುವವರು ಆ ಮಾತು ಕೊಡದ ಮಕ್ಕಳು. ಇದಕ್ಕಿಂತ ರಾಜಕೀಯವಾದ ಕಥೆ ಯಾವುದಿದೆ? ಜೋಗಿ ಮಾಡಿದ್ದು ನ್ಯಾಯವೇ, ಗೌಡನ ತಪ್ಪಿಗೆ ಊರಿನ ಮಕ್ಕಳನ್ನು ಕರೆದೊಯ್ಯಬಹುದೇ ಎಂದು ಕೇಳಿದರೆ ಏಳು ವರ್ಷದ ಮಗುವೂ ವಾದಕ್ಕಿಳಿಯುತ್ತದೆ. ನಾವು ಕೇಳುವುದಿಲ್ಲ, ಲಯ ಚೆನ್ನಾಗಿದೆಯೆಂದು ವೇದಿಕೆಯ ಮೇಲೆ ಹಾಡಿಸುತ್ತೇವೆ. ವಚನಗಳ ಗತಿಯೂ ಇದೇ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಮಕ್ಕಳಿಂದ ವಚನ ಹೇಳಿಸುತ್ತೇವೆ. ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಆದ ಮದುವೆಗೆ ಕಲ್ಯಾಣ ಯಾವ ಶಿಕ್ಷೆ ಕೊಟ್ಟಿತೆಂದು ಪರಂಪರೆ ಹೇಳುವುದನ್ನು ಅದೇ ಮಕ್ಕಳಿಗೆ ತಿಳಿಸುವುದಿಲ್ಲ.

ಇನ್ನು ಕನ್ನಡದ ಮನೆಗಳಲ್ಲಿ ನಿಜವಾಗಿಯೂ ಓದಿಸಿಕೊಂಡ ಪುಸ್ತಕಗಳು. ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನಲ್ಲಿ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ, ಪಾಶ್ಚಾತ್ಯ ಕಥೆಗಳ ಅನುವಾದಗಳಾಗಿ. ಅನಂತ ಪೈ ಅವರ ಇಂಗ್ಲಿಷ್ ಮಾಲೆ ಆರಂಭವಾದದ್ದು ಹನ್ನೊಂದನೆಯ ಸಂಖ್ಯೆಯಿಂದ. ಆಮೇಲೆ ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ-ಭಾರತಿ’ ಮಾಲೆ ಬಂತು. ಎಲ್. ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ಐನೂರಕ್ಕೂ ಹೆಚ್ಚು ಪುಟ್ಟ ಪುಸ್ತಕಗಳು, ಅಂಗಿಯ ಜೇಬಿನಲ್ಲಿ ಹಿಡಿಯುವಂಥವು. ಯಾರು ಮಹಾಪುರುಷರು, ದೇಶವೆಂದರೆ ಏನು, ತ್ಯಾಗವೆಂದರೆ ಏನು ಎಂಬುದನ್ನು ಒಂದು ತಲೆಮಾರಿಗೆ ಕಲಿಸಿದವು ಅವು. ಭಾಷೆ ಸರಳ, ಬೆಲೆ ಕಡಿಮೆ, ಬರೆದವರಲ್ಲಿ ಒಳ್ಳೆಯ ಲೇಖಕರು ಅನೇಕರು. ನಾನು ಆ ಮಾಲೆಯನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರ ಜೀವನಚರಿತ್ರೆಗಳಲ್ಲಿ ನಾಯಕನ ನಿರ್ಧಾರವನ್ನು ಸಮಕಾಲೀನರೊಬ್ಬರು ಸಕಾರಣವಾಗಿ ವಿರೋಧಿಸಿದ ಪ್ರಸಂಗಗಳಿಗೆ ಜಾಗ ತೀರ ಕಡಿಮೆ. ಮಗು ಪುಸ್ತಕ ಮುಚ್ಚುವಾಗ ಅದರ ಕೈಯಲ್ಲಿ ಉಳಿಯುವುದು ಭಕ್ತಿ. ಇದನ್ನು ಯಾರೂ ರಾಜಕೀಯ ಸಾಹಿತ್ಯವೆಂದು ಕರೆಯಲಿಲ್ಲ, ಆದ್ದರಿಂದ ಯಾರೂ ಪರೀಕ್ಷಿಸಲೂ ಇಲ್ಲ.

ಇದು ಒಂದು ಪಂಥದ ದೋಷವೆಂದು ತಿಳಿಯಬಾರದು. ಅಮೆರಿಕದಲ್ಲಿ ಈಗ ಬಹಿರಂಗವಾಗಿಯೇ ರಾಜಕೀಯವಾದ ಮಕ್ಕಳ ಪುಸ್ತಕಗಳ ದೊಡ್ಡ ಮಾರುಕಟ್ಟೆಯಿದೆ. ಹಸುಗೂಸುಗಳಿಗೆ ಎಡಪಂಥೀಯ ಅಕ್ಷರಮಾಲೆ ಕಲಿಸುವ ‘ಎ ಈಸ್ ಫಾರ್ ಆಕ್ಟಿವಿಸ್ಟ್’ ಒಂದು ತುದಿ. 1850ರಲ್ಲಿ ಫ್ರೆಂಚ್ ಚಿಂತಕ ಬಾಸ್ಟಿಯಾ ಬರೆದ ಕಿರುಹೊತ್ತಿಗೆಯನ್ನು ಆಧರಿಸಿ 2014ರಲ್ಲಿ ಶುರುವಾದ, ಮುಕ್ತ ಮಾರುಕಟ್ಟೆಯ ಪಾಠ ಹೇಳುವ ‘ಟಟಲ್ ಟ್ವಿನ್ಸ್’ ಮಾಲೆ ಇನ್ನೊಂದು ತುದಿ. ಎರಡನ್ನೂ ಕೊಳ್ಳುವ ತಂದೆತಾಯಿಗಳು ತಮ್ಮ ಮಕ್ಕಳು ಸ್ವತಂತ್ರವಾಗಿ ಯೋಚಿಸಲಿ ಎಂದೇ ಕೊಳ್ಳುತ್ತಾರೆ. ಆದರೆ ಎರಡರಲ್ಲೂ ಉತ್ತರ ಮೊದಲೇ ಸಿದ್ಧವಾಗಿದೆ. ಇವುಗಳ ಪಕ್ಕದಲ್ಲಿ ಮನ್ರೋ ಲೀಫ್ 1936ರಲ್ಲಿ ಬರೆದ ಫರ್ಡಿನಾಂಡ್ ಎಂಬ ಗೂಳಿಯ ಕಥೆಯನ್ನು ಇಟ್ಟು ನೋಡಿ. ಕಾಳಗಕ್ಕಿಳಿಯಲು ಒಲ್ಲದೆ ಹೂವಿನ ವಾಸನೆ ನೋಡುತ್ತ ಕೂರುವ ಗೂಳಿಯದು. ಸ್ಪೇನಿನ ಅಂತರ್ಯುದ್ಧದ ಹೊತ್ತಿನಲ್ಲಿ ಹೊರಬಂದ ಅದನ್ನು ಫ್ರಾಂಕೋನ ಸ್ಪೇನ್ ನಿಷೇಧಿಸಿತು, ನಾಜಿ ಜರ್ಮನಿ ಸುಟ್ಟಿತು, ಬೇರೆ ಬೇರೆಯವರು ಅದರಲ್ಲಿ ಬೇರೆ ಬೇರೆ ಪಂಥವನ್ನು ಕಂಡು ಬೈದರು. ಹೋರಾಡದಿರುವುದು ಧೈರ್ಯವೋ ಪಲಾಯನವೋ ಎಂಬುದನ್ನು ಪುಸ್ತಕ ತೀರ್ಮಾನಿಸುವುದಿಲ್ಲ. ಸರ್ವಾಧಿಕಾರಿಗಳನ್ನು ಕೆರಳಿಸಿದ್ದು ಅದು ಬಿಟ್ಟುಕೊಟ್ಟ ಆ ಜಾಗವೇ ಇರಬೇಕು.

ಕರ್ನಾಟಕದ ಪಠ್ಯಪುಸ್ತಕ ಜಗಳವನ್ನು ಈ ದೃಷ್ಟಿಯಿಂದ ನೋಡಿದಾಗ ನೋವಾಗುತ್ತದೆ. ಬರಗೂರು ರಾಮಚಂದ್ರಪ್ಪ ಅವರ ಅಧ್ಯಕ್ಷತೆಯಲ್ಲಿ ಪರಿಷ್ಕರಣೆಯಾಗಿದ್ದ ಪಠ್ಯಗಳನ್ನು 2022ರಲ್ಲಿ ರೋಹಿತ್ ಚಕ್ರತೀರ್ಥ ಅವರ ಅಧ್ಯಕ್ಷತೆಯ ಸಮಿತಿ ಮತ್ತೆ ಪರಿಷ್ಕರಿಸಿತು. ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೆ ಹೆಡಗೇವಾರ್ ಅವರ ಭಾಷಣ ಬಂತು, ದೇವನೂರ ಮಹಾದೇವ ತಮ್ಮ ಬರಹಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡರು, ಸಮಿತಿ ವಿಸರ್ಜನೆಯಾಯಿತು. 2023ರಲ್ಲಿ ಸರ್ಕಾರ ಬದಲಾಯಿತು, ಪಾಠಗಳೂ ಬದಲಾದವು. ಯಾವ ಪಾಠ ಒಳಗೆ, ಯಾವುದು ಹೊರಗೆ ಎಂಬ ಲೆಕ್ಕ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. ಪಾಠದ ಕೊನೆಯಲ್ಲಿರುವ ಅಭ್ಯಾಸದ ಪ್ರಶ್ನೆಗಳ ಬಗ್ಗೆ ಬಂದ ಚರ್ಚೆ ಎಷ್ಟು? ಹೆಡಗೇವಾರ್ ಭಾಷಣವಿರಲಿ, ಭಗತ್ ಸಿಂಗ್ ಕುರಿತ ಪಾಠವಿರಲಿ, ಕೆಳಗೆ ‘ಬಿಟ್ಟ ಸ್ಥಳ ತುಂಬಿರಿ’ ಎಂದೇ ಇದ್ದರೆ ವಿದ್ಯಾರ್ಥಿಯ ಕೆಲಸ ಎರಡರಲ್ಲೂ ಒಂದೇ. ಪಾಠಗಳ ಆಯ್ಕೆ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ, ಬಹಳ ಮುಖ್ಯ. ಆದರೆ ಎಲ್ಲ ಪಕ್ಷಗಳೂ ಮಗುವನ್ನು ತುಂಬಬೇಕಾದ ಪಾತ್ರೆಯಂತೆ ಕಂಡ ಮೇಲೆ ಏನು ತುಂಬಬೇಕೆಂಬ ಜಗಳವಷ್ಟೇ ಉಳಿಯುತ್ತದೆ.

ಬೇರೆ ಮಾರ್ಗದಲ್ಲಿ ನಡೆದ ಪ್ರಯತ್ನ ಭಾರತದಲ್ಲಿ ಒಂದಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ತಂದ ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ಉನ್ನಿ ಮತ್ತು ಮುನ್ನಿ ಎಂಬ ಇಬ್ಬರು ಮಕ್ಕಳು ಪುಟದ ಅಂಚಿನಲ್ಲಿ ನಿಂತು ಪಠ್ಯವನ್ನೇ ಪ್ರಶ್ನಿಸುತ್ತಿದ್ದರು. 2012ರ ಮೇ ತಿಂಗಳಲ್ಲಿ ಆ ಮಾಲೆಯ ಹನ್ನೊಂದನೆಯ ತರಗತಿಯ ಪುಸ್ತಕದಲ್ಲಿದ್ದ ಶಂಕರ್ ಅವರ ಹಳೆಯ ವ್ಯಂಗ್ಯಚಿತ್ರವೊಂದು ಸಂಸತ್ತಿನಲ್ಲಿ ಕೋಲಾಹಲ ಎಬ್ಬಿಸಿತು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಕೂತ ಅಂಬೇಡ್ಕರ್, ಹಿಂದೆ ಚಾವಟಿ ಹಿಡಿದ ನೆಹರೂ. ಮುಖ್ಯ ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಪಕ್ಷಭೇದವಿಲ್ಲದೆ ಸಂಸದರು ಆ ಪುಸ್ತಕಗಳ ವಿರುದ್ಧ ಒಂದಾದದ್ದು ನನಗೆ ಇಂದಿಗೂ ಆತಂಕದ ಸಂಗತಿ. ಆದರೂ ಆ ಚಿತ್ರದಿಂದ ನೊಂದವರ ಮಾತನ್ನು ನಾನು ತಳ್ಳಿಹಾಕಲಾರೆ. ತರಗತಿಯಲ್ಲಿ ಒಬ್ಬನೇ ದಲಿತ ಹುಡುಗ ಕೂತಿರುವಾಗ, ಉಳಿದವರು ಆ ಚಿತ್ರ ನೋಡಿ ನಕ್ಕರೆ, ಅವನ ಪಾಲಿಗೆ ಅದು ವಿಮರ್ಶೆಯ ಪಾಠವಾಗಿ ಉಳಿಯುವುದಿಲ್ಲ. ಪ್ರಶ್ನೆ ಕೇಳುವ ಸ್ವಾತಂತ್ರ್ಯ ಎಲ್ಲ ಮಕ್ಕಳಿಗೂ ಒಂದೇ ಸಮನಾಗಿ ಸಿಗುವುದಿಲ್ಲ. ಪುಸ್ತಕ ಬರೆಯುವವರೂ ಪಾಠ ಮಾಡುವವರೂ ಮೊದಲು ಆ ಮಗುವಿನ ಜಾಗದಿಂದ ನೋಡಬೇಕು.

ಈಗ ಪರ್ತ್‌ನ ಕನ್ನಡಿಗರಾದ ನಮ್ಮ ಮಕ್ಕಳ ವಿಷಯಕ್ಕೆ ಬರುತ್ತೇನೆ. ಪರ್ತ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಯ ಹಾದಿಯಲ್ಲಿರುವ ಪಿಂಜಾರಾದಲ್ಲಿ 1834ರ ಅಕ್ಟೋಬರ್ 28ರಂದು ಗವರ್ನರ್ ಜೇಮ್ಸ್ ಸ್ಟರ್ಲಿಂಗ್ ತಾನೇ ಮುಂದೆ ನಿಂತು ನೂಂಗಾರ್ ಜನರ ಮೇಲೆ ಗುಂಡು ಹಾರಿಸಿದ. ಎಷ್ಟು ಜನ ಸತ್ತರೆಂಬುದರಲ್ಲಿ ಅಂದಿನ ಅಧಿಕೃತ ವರದಿಗೂ ನೂಂಗಾರ್ ಮನೆತನಗಳ ನೆನಪಿಗೂ ತಾಳೆಯಾಗುವುದಿಲ್ಲ. ಅದೇ ಸ್ಟರ್ಲಿಂಗ್‌ನ ಹೆಸರು ಇಲ್ಲಿನ ಹೆದ್ದಾರಿಗಿದೆ, ಒಂದು ನಗರಾಡಳಿತಕ್ಕಿದೆ. ಈ ಊರನ್ನು ಸ್ಥಾಪಿಸಿದವನೂ ಅವನೇ. ಶಾಲೆಯಿಂದ ಬಂದ ಮಗು ಊಟದ ಹೊತ್ತಿಗೆ ಇದನ್ನು ಎತ್ತಿದರೆ ಕನ್ನಡದ ತಂದೆತಾಯಿಗಳು ಸಂಕೋಚವಿಲ್ಲದೆ ಮಾತಾಡುತ್ತಾರೆ: ಒಬ್ಬ ಮನುಷ್ಯ ಊರು ಕಟ್ಟಿಯೂ ಇರಬಹುದು, ಹತ್ಯೆ ಮಾಡಿಯೂ ಇರಬಹುದು, ಎರಡನ್ನೂ ತಿಳಿದುಕೋ ಎನ್ನುತ್ತಾರೆ. ತುಂಬ ಒಳ್ಳೆಯ ಮಾತು. ಅದೇ ಮಗು ಟಿಪ್ಪು ಸುಲ್ತಾನನ ಬಗ್ಗೆ ಕೇಳಿದಾಗ ಏನಾಗುತ್ತದೆ? ಒಂದು ಮನೆಯಲ್ಲಿ 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರೊಡನೆ ಹೋರಾಡುತ್ತ ಮಡಿದ ವೀರ ಮಾತ್ರ ಸಿಗುತ್ತಾನೆ. ಇನ್ನೊಂದು ಮನೆಯಲ್ಲಿ ಕೊಡವರನ್ನೂ ಕರಾವಳಿಯ ಕ್ರೈಸ್ತರನ್ನೂ ಸೆರೆಯೊಯ್ದ ಕ್ರೂರಿ ಮಾತ್ರ ಸಿಗುತ್ತಾನೆ. 1791ರಲ್ಲಿ ಮರಾಠಾ ಸೈನ್ಯದ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದ ಮೇಲೆ ಮಠದ ಜೀರ್ಣೋದ್ಧಾರಕ್ಕೆ ನೆರವು ಕೊಟ್ಟು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿದವನನ್ನು ಒಂದು ಮನೆ ಮುಂದೆ ತರುತ್ತದೆ, ಇನ್ನೊಂದು ಅಡಗಿಸುತ್ತದೆ. 2015ರಲ್ಲಿ ಸರ್ಕಾರವೇ ಆರಂಭಿಸಿದ ಟಿಪ್ಪು ಜಯಂತಿಯನ್ನು 2019ರಲ್ಲಿ ಇನ್ನೊಂದು ಸರ್ಕಾರ ರದ್ದು ಮಾಡಿದ್ದರಲ್ಲೂ ಇದೇ ಮನೋಧರ್ಮವಿತ್ತು. ಶೃಂಗೇರಿಯ ಪತ್ರಗಳು, ಸೆರೆಯಿಂದ ಬಿಡುಗಡೆಯಾದವರ ನಿರೂಪಣೆಗಳು, ಗೆದ್ದ ಇಂಗ್ಲಿಷರು ಬರೆದುಕೊಂಡ ವರದಿಗಳು, ಇವನ್ನು ಹನ್ನೆರಡು ವರ್ಷದವರಿಗೆ ಅರ್ಥವಾಗುವ ಕನ್ನಡದಲ್ಲಿ ಅಕ್ಕಪಕ್ಕ ಇಟ್ಟು, ಯಾರು ಯಾವಾಗ ಏಕೆ ಬರೆದರು ಎಂದು ಕೇಳುವ ಪುಸ್ತಕ ನಮಗೆ ಬೇಕು. ಸ್ಟರ್ಲಿಂಗ್‌ನ ವಿಷಯದಲ್ಲಿ ನಾವು ಮಗುವಿನಿಂದ ನಿರೀಕ್ಷಿಸುವ ಪ್ರಬುದ್ಧತೆಯನ್ನು ಟಿಪ್ಪುವಿನ ವಿಷಯದಲ್ಲಿ ನಾವೇ ತೋರಿಸುತ್ತಿಲ್ಲ. ಜಾತಿಯ ಬಗ್ಗೆಯಂತೂ ಹೇಳುವುದೇ ಬೇಡ. ಆಸ್ಟ್ರೇಲಿಯಾದ ಜನಾಂಗಭೇದವನ್ನು ಮಕ್ಕಳೊಂದಿಗೆ ಚರ್ಚಿಸುವ ಎಷ್ಟೋ ಮನೆಗಳಲ್ಲಿ, ಯಾರ ಮನೆಯ ಊಟ ಏಕೆ ನಿಷಿದ್ಧವಾಗಿತ್ತೆಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನು ನಾನು ಗೌರವದಿಂದ ಎದುರಿಸಬೇಕು. ಮಕ್ಕಳು ಇನ್ನೂ ಚಿಕ್ಕವರು ಎಂಬುದು ಮೊದಲನೆಯದು. ಆದರೆ ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲಿಯೇ, ದುಡಿಯುವ ಮಕ್ಕಳ ಭೀಮ ಸಂಘದ ಹಿನ್ನೆಲೆಯಲ್ಲಿ, ಮಕ್ಕಳ ಪಂಚಾಯಿತಿ ಹುಟ್ಟಿತು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು ಎಂಬಂಥ ಮಾತನ್ನು ಅಲ್ಲಿನ ಮಕ್ಕಳು ಹಿರಿಯರ ಪಂಚಾಯಿತಿಯ ಮುಂದಿಟ್ಟರು. ಇಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಬ್ರಿಸ್ಬೇನಿನ ಬುರಾಂಡಾ ಸರ್ಕಾರಿ ಪ್ರಾಥಮಿಕ ಶಾಲೆ 1990ರ ದಶಕದ ಕೊನೆಯಿಂದ ಎಲ್ಲ ತರಗತಿಗಳಿಗೂ ತತ್ತ್ವಶಾಸ್ತ್ರ ಕಲಿಸಿ ಹೆಸರಾಯಿತು. ಆಸ್ಟ್ರೇಲಿಯಾದ ಕಾನೂನು 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನು ನಿಷೇಧಿಸಿದೆ. ಹದಿನೆಂಟಕ್ಕೆ ಮತದಾನವನ್ನು ಕಡ್ಡಾಯ ಮಾಡಿದೆ. ನಡುವಿನ ಎರಡೇ ವರ್ಷಗಳಲ್ಲಿ ಸುಳ್ಳು ನಿಜಗಳನ್ನು ಬೇರ್ಪಡಿಸುವ ವಿದ್ಯೆಯನ್ನು ಯಾರು ಕಲಿಸುತ್ತಾರೆ?

ಶಾಲೆ ಕಲಿಸುತ್ತದೆಯಲ್ಲ ಎನ್ನಬಹುದು. ವಿಮರ್ಶಾತ್ಮಕ ಮತ್ತು ಸೃಜನಶೀಲ ಚಿಂತನೆ ಆಸ್ಟ್ರೇಲಿಯಾದ ಪಠ್ಯಕ್ರಮದ ಏಳು ಸಾಮಾನ್ಯ ಸಾಮರ್ಥ್ಯಗಳಲ್ಲಿ ಒಂದು, ನಿಜ. ಆದರೆ 2024ರಲ್ಲಿ ನಡೆದ ಪೌರನೀತಿಯ ರಾಷ್ಟ್ರೀಯ ಪರೀಕ್ಷೆಯಲ್ಲಿ ನಿಗದಿತ ಮಟ್ಟ ಮುಟ್ಟಿದವರು ಆರನೆಯ ತರಗತಿಯಲ್ಲಿ ಶೇ. 43, ಹತ್ತನೆಯ ತರಗತಿಯಲ್ಲಿ ಕೇವಲ ಶೇ. 28. ಆ ಪರೀಕ್ಷೆ ಅಳೆಯುವುದು ಹೆಚ್ಚಾಗಿ ನಾಗರಿಕ ತಿಳಿವಳಿಕೆಯನ್ನು ಎಂಬುದನ್ನು ಒಪ್ಪುತ್ತೇನೆ. ಆದರೆ ತಿಳಿವಳಿಕೆಯಿಲ್ಲದೆ ವಿಮರ್ಶೆ ಎಲ್ಲಿಂದ ಬರಬೇಕು? ಮನೋವಿಜ್ಞಾನಿ ಡೇನಿಯಲ್ ವಿಲಿಂಗ್‌ಹ್ಯಾಮ್ ಎತ್ತಿದ ಆಕ್ಷೇಪವೂ ಇದೇ: ವಿಮರ್ಶಾತ್ಮಕ ಚಿಂತನೆ ಸೈಕಲ್ ಸವಾರಿಯಂತೆ ಒಮ್ಮೆ ಕಲಿತು ಎಲ್ಲೆಡೆ ಓಡಿಸುವ ಕೌಶಲವಲ್ಲ, ಅದು ವಿಷಯಜ್ಞಾನಕ್ಕೆ ಅಂಟಿಕೊಂಡಿರುತ್ತದೆ. ಇಂಗ್ಲೆಂಡಿನ 48 ಶಾಲೆಗಳಲ್ಲಿ ಮಕ್ಕಳಿಗೆ ತತ್ತ್ವಚರ್ಚೆ ಕಲಿಸಿದಾಗ ಓದು ಮತ್ತು ಗಣಿತದಲ್ಲಿ ಸ್ವಲ್ಪ ಪ್ರಗತಿ ಕಂಡಿತೆಂದು 2015ರ ವರದಿ ಹೇಳಿತು. ಆಮೇಲೆ ನಡೆದ ಇನ್ನೂ ದೊಡ್ಡ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ಚರ್ಚೆಯಿಂದ ಅಂಕ ಹೆಚ್ಚುತ್ತದೆ ಎಂಬ ಆಸೆಯಿಂದ ಇದಕ್ಕೆ ಕೈಹಾಕುವವರು ನಿರಾಶರಾಗುತ್ತಾರೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದದ್ದೂ, ನಿರಂಜನರು ಕಿರಿಯರಿಗಾಗಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಸಂಪಾದಿಸಿದ್ದೂ ಈ ಸತ್ಯವನ್ನು ಬಲ್ಲವರಾದ್ದರಿಂದ. ಮಗುವಿನ ಮುಂದೆ ಮೊದಲು ಲೋಕವನ್ನು ಹರಡಬೇಕು, ಆಗ ಪ್ರಶ್ನೆಗೆ ತೂಕ ಬರುತ್ತದೆ.

ಹೆಚ್ಚು ಕಠಿಣವಾದ ಆಕ್ಷೇಪ ಇನ್ನೊಂದಿದೆ. ಎಲ್ಲದಕ್ಕೂ ಎರಡು ಮುಖವೆಂದು ಕಲಿಸಿದರೆ ಮಗು ಅನ್ಯಾಯವನ್ನೂ ಅಭಿಪ್ರಾಯಭೇದವೆಂದು ತಿಳಿಯುವುದಿಲ್ಲವೇ? ಇದು ನಿಜವಾದ ಅಪಾಯ. ಅಸ್ಪೃಶ್ಯತೆ ಸರಿಯೋ ತಪ್ಪೋ ಎಂಬುದನ್ನು ಮಕ್ಕಳ ಚರ್ಚಾಸ್ಪರ್ಧೆಗೆ ಇಡಲಾಗದು. ಭಾರತದ ಸಂವಿಧಾನದ 17ನೆಯ ವಿಧಿ ಅದನ್ನು ಮುಗಿಸಿದೆ, ಮನುಷ್ಯನ ಘನತೆ ಅದಕ್ಕೂ ಮೊದಲೇ ಮುಗಿಸಿತ್ತು. ಆದರೆ ಅದನ್ನು ಹೋಗಲಾಡಿಸುವ ದಾರಿ ಯಾವುದು, ಗಾಂಧಿ ಮತ್ತು ಅಂಬೇಡ್ಕರ್ 1932ರಲ್ಲಿ ಪುಣೆಯಲ್ಲಿ ಒಪ್ಪಂದಕ್ಕೆ ಬಂದಾಗ ಯಾರು ಏನನ್ನು ಕಳೆದುಕೊಂಡರು ಎಂಬುದು ತೆರೆದ ಪ್ರಶ್ನೆ. ಬೊಳುವಾರು ಮಹಮದ್ ಕುಂಞಿ ಅವರು ಪಾಪು ಗಾಂಧಿ ಬಾಪುವಾದ ಕಥೆಯನ್ನು ಮಕ್ಕಳಿಗೆ ಹೇಳಿದರು. 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದ ಪುಸ್ತಕ ಅದು. ಗಾಂಧಿಯನ್ನು ಅಂಥ ಪ್ರೀತಿಯಿಂದ ಓದಿದ ಮಗುವೇ ಅಂಬೇಡ್ಕರರು ಗಾಂಧಿಯನ್ನು ಏಕೆ ಒಪ್ಪಲಿಲ್ಲವೆಂದು ತಿಳಿಯಲು ತಕ್ಕ ಮಗು. ಯಾವುದು ಇತ್ಯರ್ಥವಾದ ಪ್ರಶ್ನೆ, ಯಾವುದು ತೆರೆದದ್ದು ಎಂದು ಗುರುತಿಸುವುದು ಹಿರಿಯರ ಹೊಣೆ, ಅದರಿಂದ ತಪ್ಪಿಸಿಕೊಳ್ಳಲಾಗದು.

ಪ್ರಶ್ನೆ ಕಲಿತ ಮಕ್ಕಳು ಹಿರಿಯರಿಗೆ ಮರ್ಯಾದೆ ಕೊಡುವುದಿಲ್ಲ, ಇದು ನಮ್ಮ ಸಂಸ್ಕೃತಿಯಲ್ಲ ಎನ್ನುವವರಿಗೆ ಎಚ್. ನರಸಿಂಹಯ್ಯನವರ ಬದುಕನ್ನು ತೋರಿಸಬೇಕು. ಖಾದಿ ಉಟ್ಟ ಗಾಂಧಿವಾದಿ, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು, ಕೊನೆಯವರೆಗೂ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಬಾಳಿದವರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರಿಶೀಲಿಸುವ ಸಮಿತಿ ರಚಿಸಿದವರೂ ಅವರೇ. ವೈಜ್ಞಾನಿಕ ಮನೋಭಾವ ಮತ್ತು ಜಿಜ್ಞಾಸೆಯನ್ನು ಸಂವಿಧಾನ ನಾಗರಿಕನ ಮೂಲಭೂತ ಕರ್ತವ್ಯವೆಂದದ್ದೂ ಅದೇ ವರ್ಷದ 42ನೆಯ ತಿದ್ದುಪಡಿಯಲ್ಲಿ. ವಿನಯವೂ ಪ್ರಶ್ನೆಯೂ ಒಬ್ಬ ಮನುಷ್ಯನಲ್ಲಿ ಒಟ್ಟಿಗೆ ಇದ್ದದ್ದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೇ?

ಪರ್ತ್‌ನ ಸದರ್ನ್ ರಿವರ್‌ನಲ್ಲಾಗಲಿ, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಾಗಲಿ ಕನ್ನಡ ಮನೆಯ ಮಗುವಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಅದು ವಾದ ಮಾಡುವುದನ್ನು, ಆಧಾರ ಕೇಳುವುದನ್ನು, ಒಪ್ಪದಿರುವುದನ್ನು ಕಲಿಯುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಅದರ ಕಿವಿಗೆ ಬೀಳುವ ಕನ್ನಡ ಹೆಚ್ಚಾಗಿ ಆಜ್ಞೆಯದು: ಕೈ ತೊಳೆ, ಬೇಗ ಏಳು, ಅಜ್ಜಿಗೆ ನಮಸ್ಕಾರ ಹೇಳು. ಶನಿವಾರದ ಕನ್ನಡ ತರಗತಿಗೆ ಬಂದರೆ ಅಲ್ಲಿಯೂ ಕಾಗುಣಿತ, ಹಾಡು, ಬಾಯಿಪಾಠ. ಹದಿಮೂರರ ಹೊತ್ತಿಗೆ ಆ ಮಗು ಇಂಗ್ಲಿಷನ್ನು ಯೋಚಿಸುವ ಭಾಷೆಯೆಂದೂ ಕನ್ನಡವನ್ನು ವಿಧೇಯತೆಯ ಭಾಷೆಯೆಂದೂ ತನಗೆ ತಿಳಿಯದೆಯೇ ವಿಂಗಡಿಸಿಬಿಟ್ಟಿರುತ್ತದೆ. ಆಮೇಲೆ ಅದು ಕನ್ನಡ ಬಿಟ್ಟಿತೆಂದು ನಾವು ಹಲುಬುತ್ತೇವೆ. ಭಾಷೆ ಉಳಿಯಬೇಕೆಂಬ ಹಂಬಲವಿರುವವರು ಮಗುವಿನ ಅಸಮ್ಮತಿಯನ್ನು ಕನ್ನಡದಲ್ಲಿ ಕೇಳಲು ತಯಾರಿರಬೇಕು, ಆ ಕನ್ನಡ ತೊದಲಿದರೂ, ವ್ಯಾಕರಣ ತಪ್ಪಿದರೂ.

ಇದಕ್ಕೆ ಈ ರಾಜ್ಯದಲ್ಲೇ ಒಂದು ಮಾದರಿಯಿದೆ. 1980ರಲ್ಲಿ ಆರಂಭವಾದ ಪಶ್ಚಿಮ ಆಸ್ಟ್ರೇಲಿಯಾದ ಕಿರಿಯ ಓದುಗರ ಪುಸ್ತಕ ಪ್ರಶಸ್ತಿಯನ್ನು ಗೆಲ್ಲುವ ಪುಸ್ತಕವನ್ನು ಆರಿಸುವವರು ಮತ ಹಾಕುವ ಮಕ್ಕಳು. ಕನ್ನಡದ ಮಕ್ಕಳ ಪುಸ್ತಕಗಳಿಗೆ ಬಹುಮಾನ ಕೊಡುವವರು ಬಹುಪಾಲು ದೊಡ್ಡವರೇ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಈ ಮೂರು ನಗರಗಳ ಕನ್ನಡ ಸಂಘಗಳು ಸೇರಿ ವರ್ಷಕ್ಕೆ ಐದು ಕನ್ನಡ ಪುಸ್ತಕಗಳನ್ನು, ಅವುಗಳಲ್ಲಿ ಎರಡಾದರೂ ಪರಸ್ಪರ ಒಪ್ಪದಂಥವನ್ನು, ಮಕ್ಕಳಿಗೆ ಓದಿ ಹೇಳಲಿ. ಓದಿ ಹೇಳುವವರು ತಮ್ಮ ಅಭಿಪ್ರಾಯವನ್ನು ಕೊನೆಯಲ್ಲಿ ಹೇಳಲಿ, ಮೊದಲಲ್ಲ. ಆಮೇಲೆ ಮಕ್ಕಳು ಮತ ಹಾಕಲಿ, ಐದನ್ನೂ ತಿರಸ್ಕರಿಸುವ ಹಕ್ಕೂ ಅವರಿಗಿರಲಿ. ಮತ ಹಾಕುವವರು ತಮ್ಮ ಕಾರಣವನ್ನು ಕನ್ನಡದಲ್ಲಿ ಹೇಳಬೇಕು ಎಂಬುದೊಂದನ್ನು ನಿಯಮ ಮಾಡಿದರೆ ಸಾಕು.